ಸಾವಿರ ಡಾಲರಿನ ಕೋಲು, ಹತ್ತು ಡಾಲರಿನ ನದಿ

ಅಮೆರಿಕದ ದುಬಾರಿ ಫ್ಲೈ ರಾಡ್ ತಯಾರಕರಿಗೆ ಬಹಿರಂಗ ಪತ್ರ

ಮಾನ್ಯರೇ,

ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪ, ಮೊಂಟಾನಾದ ಟ್ವಿನ್ ಬ್ರಿಜಸ್, ಕೊಲೊರಾಡೊದ ಮಾಂಟ್ರೋಸ್, ವರ್ಮಾಂಟಿನ ಮ್ಯಾಂಚೆಸ್ಟರ್. ನೀವು ಕೂತು ಕೆಲಸ ಮಾಡುವ ಊರುಗಳು ಇವು. ಸೇಜ್, ವಿನ್‌ಸ್ಟನ್, ಸ್ಕಾಟ್, ಓರ್ವಿಸ್ ಎಂಬ ಹೆಸರು ಹೊತ್ತ ಕೋಲುಗಳು ಇಲ್ಲಿಂದ ಹೊರಟು ಜಗತ್ತಿನ ಟ್ರೌಟ್ ಹೊಳೆಗಳನ್ನೆಲ್ಲ ಸೇರುತ್ತವೆ. ನಿಮ್ಮಲ್ಲಿ ಹಲವರ ಅತ್ಯುತ್ತಮ ಕೋಲಿನ ಬೆಲೆ ಈಗ ಸಾವಿರ ಡಾಲರ್ ದಾಟಿದೆ. ರೀಲ್ ಬೇರೆ, ಲೈನ್ ಬೇರೆ.

ನಿಮಗೆ ಕನ್ನಡದಲ್ಲಿ ಬರೆಯುವುದಕ್ಕೆ ಕಾರಣವಿದೆ. ನಿಮ್ಮ ಗಿರಾಕಿಗಳಲ್ಲಿ ಈಗ ನಮ್ಮವರೂ ಇದ್ದಾರೆ. ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್‌ಗಳ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವ ಬೆಂಗಳೂರು, ಮೈಸೂರು, ಶಿವಮೊಗ್ಗದ ಹುಡುಗರು ಹುಡುಗಿಯರು ಶನಿವಾರ ನಸುಕಿನಲ್ಲೇ ಎದ್ದು ಕ್ಯಾಸ್ಕೇಡ್ ಬೆಟ್ಟ ದಾಟಿ ಯಾಕಿಮಾ ನದಿಗೆ ಹೋಗುತ್ತಾರೆ. ಹೊಸದಾಗಿ ಈ ಹುಚ್ಚು ಹಿಡಿದವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಸಾವಿರ ಡಾಲರಿನ ರಾಡೇ ತಗೊಳ್ಳೋದಾ, ಇನ್ನೂರೈವತ್ತರದ್ದು ಸಾಕಾ?" ಅವರಿಗೆ ಹೇಳುವುದನ್ನು ನಿಮ್ಮ ಎದುರಿಗೇ, ಎಲ್ಲರಿಗೂ ಕೇಳುವ ಹಾಗೆ ಹೇಳುವುದು ನ್ಯಾಯ ಅನ್ನಿಸಿತು.

ಈ ಬೇಟೆಯನ್ನು ಕಂಡರಿಯದ ಓದುಗರಿಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ನಮ್ಮ ಕೆರೆ, ಹೊಳೆಗಳಲ್ಲಿ ಎರೆಹುಳು ಚುಚ್ಚಿ ಗಾಳ ಎಸೆಯುವಾಗ ದಾರವನ್ನು ಎಳೆದೊಯ್ಯುವುದು ಹುಳುವಿನ ಮತ್ತು ಸೀಸದ ಗುಂಡಿನ ಭಾರ. ಟ್ರೌಟ್ ಮೀನಿಗೆ ಹಾಕುವ ಫ್ಲೈಗೆ ಹೇಳಿಕೊಳ್ಳುವಂಥ ಭಾರ ಇರುವುದಿಲ್ಲ. ಕೋಳಿಯ ಗರಿ, ಮೊಲದ ತುಪ್ಪಳ, ನೂಲು ಸುತ್ತಿದ ಒಂದು ಸಣ್ಣ ಕೊಕ್ಕೆ ಅದು. ನೀರಿನ ಮೇಲೆ ಕೂತಾಗ ಹುಳದಂತೆ ಕಾಣಬೇಕು, ಅಷ್ಟೆ. ಭಾರ ಇರುವುದು ಲೈನ್‌ನಲ್ಲಿ. ಐದನೇ ನಂಬರಿನ ಲೈನ್ ಎಂದರೆ ಅದರ ಮೊದಲ 30 ಅಡಿ 140 ಗ್ರೇನ್ ತೂಗಬೇಕು ಎಂಬ ನಿಯಮವಿದೆ. ನಮ್ಮ ಲೆಕ್ಕದಲ್ಲಿ ಸುಮಾರು 9 ಗ್ರಾಂ. ಆ 9 ಗ್ರಾಂಗಳನ್ನು ಹಿಂದಕ್ಕೆ ಬೀಸಿ, ಗಾಳಿಯಲ್ಲಿ ನೇರವಾಗುವ ತನಕ ತಡೆದು, ಮುಂದಕ್ಕೆ ಹಾಸುವುದು ಕೋಲಿನ ಕೆಲಸ. ಹಾಗಾಗಿ ಫ್ಲೈ ಹಿಡಿದವನಿಗೆ ಕೋಲು ಮೀನು ಎಳೆಯುವ ಸಾಧನಕ್ಕಿಂತ ಮೊದಲು ಎಸೆಯುವ ಸಾಧನ. ಅದು ಹೇಗೆ ಬಾಗುತ್ತದೆ, ಬಾಗಿದ್ದು ಎಷ್ಟು ಬೇಗ ನಿಲ್ಲುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ನಿಮ್ಮ ವ್ಯಾಪಾರ ನಿಂತಿರುವುದೂ ಅಲ್ಲಿಯೇ.

ನಿಮ್ಮ ಕೈಕೆಲಸವನ್ನು ನಾನು ಮನಸಾರೆ ಗೌರವಿಸುತ್ತೇನೆ. ಅಂಟು ಹೀರಿಸಿದ ಕಾರ್ಬನ್ ಬಟ್ಟೆಯನ್ನು ತಣ್ಣನೆಯ ಕೋಣೆಯಲ್ಲಿ ಕಾಪಿಟ್ಟು, ಮಿಲಿಮೀಟರಿನ ಲೆಕ್ಕದಲ್ಲಿ ಕತ್ತರಿಸಿ, ತುದಿಗೆ ಹೋಗುತ್ತ ಸೂಜಿಯಷ್ಟು ತೆಳ್ಳಗಾಗುವ ಉಕ್ಕಿನ ಸರಳಿನ ಮೇಲೆ ಸುರುಳಿ ಸುತ್ತುತ್ತೀರಿ. ಮೇಲೆ ಬಿಗಿಯಾಗಿ ಟೇಪ್ ಬಿಗಿದು ಒಲೆಯಲ್ಲಿ ಬೇಯಿಸಿ, ಸರಳನ್ನು ಎಳೆದು ತೆಗೆದು, ಉಜ್ಜಿ, ನಾಲ್ಕು ತುಂಡುಗಳು ಒಂದರೊಳಗೊಂದು ಕೂರುವಂತೆ ಕೀಲು ಹೊಂದಿಸುತ್ತೀರಿ. ಆಮೇಲೆ ಒಬ್ಬೊಬ್ಬರು ಕೂತು ಕೈಯಿಂದ ದಾರ ಸುತ್ತಿ ಲೈನ್ ಹಾಯುವ ಉಂಗುರಗಳನ್ನು ಕಟ್ಟುತ್ತಾರೆ. ಕಾರ್ಕ್ ಹಿಡಿಯನ್ನು ಅಂಗೈಗೆ ಒಗ್ಗುವಂತೆ ಕಡೆಯುತ್ತಾರೆ. ಒಂಬತ್ತು ಅಡಿ ಉದ್ದದ ಇಡೀ ಕೋಲು ನೂರು ಗ್ರಾಂ ಕೂಡ ತೂಗುವುದಿಲ್ಲ. ಇಷ್ಟು ಕಡಿಮೆ ವಸ್ತುವಿನಲ್ಲಿ ಇಷ್ಟು ಬುದ್ಧಿ ಅಡಗಿರುವ ಸಲಕರಣೆಗಳು ಲೋಕದಲ್ಲಿ ಬಹಳ ಇಲ್ಲ.

ಈ ಕೋಲಿನ ಹಿಂದೆ ದೊಡ್ಡ ಚರಿತ್ರೆಯೂ ಇದೆ. ನೂರು ವರ್ಷದ ಹಿಂದೆ ಒಳ್ಳೆಯ ಕೋಲು ಎಂದರೆ ಬಿದಿರು. ಅದೂ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಬೆಳೆಯುವ ಟೊಂಕಿನ್ ಬಿದಿರು. ಅದನ್ನು ಸೀಳಿ, ಆರು ತ್ರಿಕೋನ ಪಟ್ಟಿಗಳಾಗಿ ಹೆರೆದು, ಅಂಟಿಸಿ ಆರು ಮುಖದ ಕೋಲು ಮಾಡುತ್ತಿದ್ದರು. 1950ರಲ್ಲಿ ಅಮೆರಿಕ ಚೀನಾದ ಮೇಲೆ ವ್ಯಾಪಾರ ನಿರ್ಬಂಧ ಹೇರಿದಾಗ ಆ ಬಿದಿರು ಬರುವುದು ನಿಂತಿತು. ದಾಸ್ತಾನು ಇಟ್ಟಿದ್ದವರು ಮುಂದುವರಿಸಿದರು, ಉಳಿದವರು ಫೈಬರ್‌ಗ್ಲಾಸಿಗೆ ಹೊರಳಿದರು. 1973ರಲ್ಲಿ ಫೆನ್‌ವಿಕ್ ಕಂಪನಿ ಗ್ರಾಫೈಟ್ ಕೋಲು ತಂದಿತು. ಬ್ರಿಟನ್ನಿನ ಫಾರ್ನ್‌ಬರೋ ವಿಮಾನ ಸಂಶೋಧನಾ ಸಂಸ್ಥೆಯಲ್ಲಿ ಅರವತ್ತರ ದಶಕದಲ್ಲಿ ಹದಗೊಂಡ ಕಾರ್ಬನ್ ಎಳೆ ಹೀಗೆ ಹತ್ತೇ ವರ್ಷದಲ್ಲಿ ಗಾಳಗಾರನ ಕೈ ಸೇರಿತು. ಅದು ನಿಜವಾದ ಜಿಗಿತ. ಗ್ಲಾಸ್ ಕೋಲಿನಿಂದ ಗ್ರಾಫೈಟಿಗೆ ಬಂದವರಿಗೆ ಮೊದಲ ಬೀಸಿನಲ್ಲೇ ವ್ಯತ್ಯಾಸ ತಿಳಿಯಿತು, ಯಾರೂ ಜಾಹೀರಾತು ಓದಿ ನಂಬಬೇಕಾಗಿರಲಿಲ್ಲ.

ಆಮೇಲೆ ಬಂದವು ಆ ಅಳತೆಯ ಜಿಗಿತಗಳಲ್ಲ. ಎಳೆಯ ಬಿಗುತನ ಹೆಚ್ಚಿತು. ಹೆಚ್ಚಿದಂತೆ ಕಡಿಮೆ ಬಟ್ಟೆ ಸಾಕಾಯಿತು, ಕೋಲು ಹಗುರಾಯಿತು, ಜೊತೆಗೇ ಪೆಡಸೂ ಆಯಿತು. 2010ರ ಹೊತ್ತಿಗೆ ಅಂಟಿನೊಳಗೆ ಸಿಲಿಕಾದ ಅತಿಸೂಕ್ಷ್ಮ ಕಣಗಳನ್ನು ಬೆರೆಸುವ 3ಎಂ ಕಂಪನಿಯ ತಂತ್ರ ಬಂದು ಆ ಪೆಡಸುತನ ತಗ್ಗಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಇದೇ ಅವಧಿಯಲ್ಲಿ ಕೊರಿಯಾ, ಚೀನಾಗಳ ಕಾರ್ಖಾನೆಗಳೂ ಕಲಿತವು. ಅಲ್ಲಿಂದ ಬರುವ ಇನ್ನೂರೈವತ್ತು ಡಾಲರ್ ಆಸುಪಾಸಿನ ಕೋಲು ಇಂದು ಎಷ್ಟು ಚೆನ್ನಾಗಿದೆ ಎಂದರೆ, ಮೂವತ್ತು ವರ್ಷದ ಹಿಂದಿನ ನಿಮ್ಮ ಅತ್ಯುತ್ತಮ ಕೋಲಿನ ಪಕ್ಕ ಅದನ್ನು ಸಂಕೋಚವಿಲ್ಲದೆ ಇಡಬಹುದು. ನಿಮ್ಮ ಮುಂದಿರುವ ಕಷ್ಟ ಇದು. ನೀವು ಹಿಂದೆ ಬೀಳಲಿಲ್ಲ, ಹಿಂದಿದ್ದವರು ಹತ್ತಿರ ಬಂದರು.

ಹಾಗಾದರೆ ಎರಡರ ನಡುವೆ ಏನೂ ವ್ಯತ್ಯಾಸವಿಲ್ಲವೇ? ಇದೆ. ದುಬಾರಿ ಕೋಲಿನ ತುದಿ ಹಗುರ. ದಿನವಿಡೀ ಬೀಸಿದ ಮೇಲೆ ಸಂಜೆ ಭುಜಕ್ಕೆ ಅದು ಗೊತ್ತಾಗುತ್ತದೆ. ಬೀಸಿ ನಿಲ್ಲಿಸಿದಾಗ ತುದಿ ಅದುರುತ್ತ ಕೂರುವುದಿಲ್ಲ, ಹಾಗಾಗಿ ಲೈನ್ ಅಲೆಯಲೆಯಾಗದೆ ನೇರ ಹೋಗುತ್ತದೆ. ಫ್ಲಾರಿಡಾ ಕೀಸ್‌ನ ಮೊಣಕಾಲುದ್ದ ಸಮುದ್ರದಲ್ಲಿ, ಎದುರುಗಾಳಿಯಲ್ಲಿ, ಎಪ್ಪತ್ತು ಅಡಿ ದೂರದಲ್ಲಿ ಹಾಯ್ದುಹೋಗುತ್ತಿರುವ ಪರ್ಮಿಟ್ ಮೀನಿನ ಮೂತಿಯ ಮುಂದೆ ಒಂದೇ ಎಸೆತದಲ್ಲಿ ಫ್ಲೈ ಇಳಿಸಬೇಕಾದವನಿಗೆ ಈ ಗುಣಗಳು ಸಾವಿರ ಡಾಲರಿಗೂ ಬಾಳುತ್ತವೆ. ದಿನವೂ ಕೋಲು ಹಿಡಿದೇ ಹೊಟ್ಟೆ ಹೊರೆಯುವ ಗೈಡ್‌ಗಳಿಗೂ ಬಾಳುತ್ತವೆ. ಭುಜದ ನೋವಿರುವ, ವಯಸ್ಸಾದ ಗಾಳಗಾರನಿಗೆ ಆ ಹತ್ತಿಪ್ಪತ್ತು ಗ್ರಾಂಗಳ ಹಗುರದಿಂದ ಇನ್ನೊಂದಷ್ಟು ವರ್ಷ ನದಿ ಸಿಗುವುದಾದರೆ ಅದಕ್ಕೆ ಬೆಲೆ ಕಟ್ಟಲು ನಾನು ಯಾರು? ಇಂಥವರು ಕೇಳಿದಾಗ ಎರಡನೇ ಮಾತಿಲ್ಲದೆ ಕೊಳ್ಳಿ ಎನ್ನುತ್ತೇನೆ.

ಆದರೆ ನನ್ನನ್ನು ಕೇಳುವ ಹುಡುಗ ಹೋಗುವುದು ಯಾಕಿಮಾಗೆ, ಸ್ನೋಕ್ವಾಲ್ಮಿಗೆ. ಅಲ್ಲಿ ಟ್ರೌಟ್ ಹೆಚ್ಚಾಗಿ ಸಿಗುವುದು ಮೂವತ್ತು, ನಲವತ್ತು ಅಡಿಯೊಳಗೆ. ಅಷ್ಟು ದೂರಕ್ಕೆ ಎಸೆಯುವಾಗ ನಿಮ್ಮ ಕೋಲಿನ ಬಹುಪಾಲು ಬಾಗುವುದೇ ಇಲ್ಲ. ಕೋಲು ಬಾಗದಿದ್ದರೆ ಲೈನಿನ ಭಾರ ಕೈಗೆ ತಿಳಿಯುವುದಿಲ್ಲ. ಭಾರ ತಿಳಿಯದ ಹೊಸಬನಿಗೆ ಯಾವಾಗ ತಡೆಯಬೇಕು, ಯಾವಾಗ ಮುಂದಕ್ಕೆ ಬೀಸಬೇಕು ಎಂಬುದೂ ತಿಳಿಯುವುದಿಲ್ಲ.

ಕೋಲು ಇಷ್ಟು ಗಡುಸಾದದ್ದು ಹೇಗೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಕೊಳ್ಳುವವನು ಅಂಗಡಿಯ ಮುಂದಿನ ಪಾರ್ಕಿಂಗ್ ಜಾಗದಲ್ಲಿ, ಹುಲ್ಲುಹಾಸಿನ ಮೇಲೆ ಬೀಸಿ ನೋಡುತ್ತಾನೆ. ಅಲ್ಲಿ ಮೀನಿಲ್ಲ, ಹರಿವಿಲ್ಲ, ಹಿಂದೆ ಮರಗಳಿಲ್ಲ. ಇರುವುದು ದೂರ ಒಂದೇ. ಅರವತ್ತು, ಎಪ್ಪತ್ತು ಅಡಿ ಹಾರಿದ ಕೋಲು ಮಾರಾಟವಾಗುತ್ತದೆ. ವರ್ಷ ವರ್ಷವೂ ಆ ಹುಲ್ಲಿನ ಮೇಲೆ ಗೆಲ್ಲುವುದಕ್ಕೆಂದೇ ಕೋಲು ಗಡುಸಾಗುತ್ತ ಹೋಯಿತು. ಕೊನೆಗೆ ಆ ಗಡಸು ಕೋಲು ಬಾಗಲಿ ಎಂದು ಲೈನ್ ತಯಾರಕರು ಅರ್ಧ ನಂಬರ್, ಒಂದು ನಂಬರ್ ಹೆಚ್ಚು ಭಾರದ ಲೈನ್ ಮಾಡಿ ಅದೇ ಐದನೇ ನಂಬರಿನ ಹೆಸರಲ್ಲಿ ಮಾರತೊಡಗಿದರು. ಬಾಗದ ಕೋಲಿಗೆ ಒಂದು ಬೆಲೆ, ಅದನ್ನು ಬಾಗಿಸುವ ಲೈನಿಗೆ ಇನ್ನೊಂದು ಬೆಲೆ. ಎರಡನ್ನೂ ತೆರುವವನು ಒಬ್ಬನೇ. ಇದನ್ನು ಅವನಿಗೆ ಯಾರೂ ಹೇಳುವುದಿಲ್ಲ ಎನ್ನುವುದು ನನಗೆ ನೋವಿನ ಸಂಗತಿ.

ಅಳತೆಯೇ ಇಲ್ಲದ ವಿಷಯ ಇದಲ್ಲ. ವಿಲಿಯಂ ಹ್ಯಾನಮನ್ ಎಂಬ ರಾಡ್ ಅಭ್ಯಾಸಿ ಎರಡು ದಶಕಗಳ ಹಿಂದೆಯೇ ಒಂದು ಸರಳ ವಿಧಾನ ಕೊಟ್ಟರು. ಕೋಲನ್ನು ಅಡ್ಡವಾಗಿ ಬಿಗಿದು ನಿಲ್ಲಿಸಿ, ತುದಿಗೆ ಸಣ್ಣ ಚೀಲ ಕಟ್ಟಿ, ತುದಿಯು ಕೋಲಿನ ಉದ್ದದ ಮೂರನೇ ಒಂದು ಭಾಗದಷ್ಟು ಕೆಳಗಿಳಿಯುವವರೆಗೆ ಅದರೊಳಗೆ ಒಂದು ಸೆಂಟಿನ ನಾಣ್ಯ ಹಾಕುತ್ತ ಹೋಗುವುದು. ಒಂದೊಂದು ನಾಣ್ಯವೂ 2.5 ಗ್ರಾಂ. ಎಷ್ಟು ನಾಣ್ಯ ಹಿಡಿಸಿತು ಎಂಬುದರಿಂದ ಕೋಲಿನ ನಿಜವಾದ ನಂಬರ್ ಗೊತ್ತಾಗುತ್ತದೆ. ಐದು ಎಂದು ಬರೆದ ಎಷ್ಟೋ ಕೋಲುಗಳು ಹೀಗೆ ತೂಗಿದಾಗ ಆರರ ಹತ್ತಿರ, ಆರರ ಆಚೆಗೂ ನಿಂತವು. ಅಡುಗೆಮನೆಯ ಮೇಜಿನ ಮೇಲೆ ಒಂದು ಡಾಲರಿನ ಚಿಲ್ಲರೆಯಲ್ಲಿ ಮಾಡಬಹುದಾದ ಈ ಅಳತೆಯನ್ನು ಸಾವಿರ ಡಾಲರಿನ ಕೋಲಿನ ಮೇಲೆ ನೀವು ಯಾಕೆ ಅಚ್ಚು ಹಾಕಿಸುವುದಿಲ್ಲ? ಬೀಸುವಾಗ ಕೈಗೆ ತಿಳಿಯುವ ಭಾರವನ್ನೂ ಅಂಕಿಯಲ್ಲಿ ಕೊಡಬಹುದು. ಕೊಟ್ಟರೆ ಕೊಳ್ಳುವವನು ಎರಡು ಕೋಲುಗಳನ್ನು ಪಕ್ಕಪಕ್ಕ ಇಟ್ಟು ನೋಡಬಲ್ಲ. ಈಗ ಅವನಿಗೆ ಸಿಗುತ್ತಿರುವುದು 'ವೇಗ', 'ಜೀವಂತ', 'ಸಲೀಸು' ಎಂಬ ಗುಣವಾಚಕಗಳು ಮಾತ್ರ.

ಕೈಯ ವಿಷಯ ಇನ್ನೂ ಹೇಳಲಿಲ್ಲ. ಜೋನ್ ವುಲ್ಫ್ 1960ರಲ್ಲಿ 161 ಅಡಿ ದೂರ ಫ್ಲೈ ಎಸೆದರು. ಸ್ಪರ್ಧೆಗೆಂದೇ ಮಾಡಿದ ಸಲಕರಣೆ, ನಿಜ. ಆದರೂ ಅದು ಗ್ರಾಫೈಟ್ ಕೋಲು ಹುಟ್ಟುವುದಕ್ಕೆ 13 ವರ್ಷ ಮೊದಲು. ಇಂದು ಸಾವಿರ ಡಾಲರಿನ ಕೋಲು ಹಿಡಿದು ನದಿಗಿಳಿಯುವವರಲ್ಲಿ ಬಹುಮಂದಿ ಅದರ ಅರ್ಧ ದೂರಕ್ಕೆ ಅಚ್ಚುಕಟ್ಟಾಗಿ ಎಸೆಯಲಾರರು. ಜೋನ್ ಅವರ ಪತಿ ಲೀ ವುಲ್ಫ್ ದೊಡ್ಡ ಸಾಲ್ಮನ್ ಮೀನುಗಳನ್ನು ಆರಡಿಯ ಪುಟ್ಟ ಬಿದಿರು ಕೋಲಿನಲ್ಲಿ ಹಿಡಿಯುತ್ತಿದ್ದರು. ಅಷ್ಟು ಸಣ್ಣ ಕೋಲು ಸಾಲದು ಎಂದವರಿಗೆ ಉತ್ತರವಾಗಿ ಒಮ್ಮೆ ಕೋಲನ್ನೇ ಬಿಟ್ಟು, ಬರಿಗೈಯಲ್ಲಿ ಲೈನ್ ಬೀಸಿ, ರೀಲನ್ನು ಕೈಯಲ್ಲೇ ಹಿಡಿದು ಸಾಲ್ಮನ್ ಒಂದನ್ನು ದಡಕ್ಕೆ ತಂದರು. ಆಟದ ಮೀನನ್ನು ಕೊಲ್ಲದೆ ನೀರಿಗೆ ಮರಳಿ ಬಿಡಬೇಕೆಂದು 1939ರಷ್ಟು ಹಿಂದೆಯೇ ಬರೆದವರೂ ಅವರೇ. ಈ ಎರಡು ಸಂಗತಿಗಳು ಒಬ್ಬನೇ ಮನುಷ್ಯನಲ್ಲಿ ಕೂಡಿದ್ದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ. ಕೋಲಿಲ್ಲದೆ ಮೀನು ಹಿಡಿಯಬಲ್ಲವನಿಗೆ ಮೀನಿಲ್ಲದೆ ಏನೂ ಮಾಡಲಾಗದು ಎಂಬುದು ಬೇರೆ ಯಾರಿಗಿಂತ ಮೊದಲು ಕಂಡಿತ್ತು.

ಹಾಗಾಗಿ ಹುಡುಗರಿಗೆ ನಾನು ಹೇಳುವುದು ಇದು: "ಇನ್ನೂರೈವತ್ತರ ಕೋಲು ತಗೊಳ್ಳಪ್ಪ. ಲೈನಿಗೆ ಮಾತ್ರ ಜಿಪುಣತನ ಮಾಡಬೇಡ, ಒಳ್ಳೇದನ್ನೇ ತಗೋ. ಉಳಿದ ದುಡ್ಡಲ್ಲಿ ಒಬ್ಬ ಒಳ್ಳೆಯ ಗುರು ಹಿಡಿದು ಎಸೆಯೋದು ಕಲಿ." ಒಳ್ಳೆಯ ಗುರುವಿನ ಕೆಲವು ತಾಸುಗಳ ಪಾಠ ಕೊಡುವಷ್ಟು ದೂರವನ್ನು, ನಿಖರತೆಯನ್ನು ಯಾವ ಕಾರ್ಬನ್ ಎಳೆಯೂ ಕೊಡಲಾರದು. ನಿಮ್ಮಲ್ಲಿರುವ ಹಿರಿಯ ವಿನ್ಯಾಸಕಾರರೂ ತಮ್ಮ ಮಕ್ಕಳಿಗೆ ಇದನ್ನೇ ಹೇಳುತ್ತಾರೆಂದು ನಂಬಿದ್ದೇನೆ.

ಇನ್ನು ಆ ಸಾವಿರ ಡಾಲರ್ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ಅಮೆರಿಕದ ಕಾರ್ಮಿಕರ ಕೂಲಿಗೆ ಒಂದು ಪಾಲು ಹೋಗುತ್ತದೆ, ಹೋಗಲೇಬೇಕು. ಟ್ವಿನ್ ಬ್ರಿಜಸ್‌ನಂಥ ಪುಟ್ಟ ಊರಿನಲ್ಲಿ ನುರಿತ ಕೈಗಳಿಗೆ ಕೆಲಸ ಕೊಡುವ ಕಾರ್ಖಾನೆ ಉಳಿಯುವುದು ದೊಡ್ಡ ಮಾತು, ಅದಕ್ಕೆ ತೆರುವ ಹಣ ನನಗೆ ಭಾರವೆನಿಸುವುದಿಲ್ಲ. ಅಂಗಡಿಯವರದ್ದು ಒಂದು ಪಾಲು; ಹೊಳೆಯಲ್ಲಿ ಈಗ ಯಾವ ಹುಳ ಏಳುತ್ತಿದೆ ಎಂದು ಪುಕ್ಕಟೆಯಾಗಿ ಹೇಳುವವರು ಅವರು, ಅದೂ ಸರಿಯೇ. ನನ್ನ ತಕರಾರು ಇರುವುದು ಮೂರನೆಯದರಲ್ಲಿ. ಕೋಲು ಮುರಿದರೆ ದುರಸ್ತಿ ಮಾಡಿಕೊಡುವ ದೀರ್ಘ ಖಾತರಿಯನ್ನು ನಿಮ್ಮಲ್ಲಿ ಬಹುತೇಕರು ಕೊಡುತ್ತೀರಿ. ಓರ್ವಿಸ್‌ನದ್ದು 25 ವರ್ಷ, ಇನ್ನು ಕೆಲವರದ್ದು ಮೊದಲ ಒಡೆಯನ ಜೀವಮಾನ. ಕೋಲು ಮುರಿಯುವುದು ಮೀನಿನಿಂದ ಬಹಳ ಕಡಿಮೆ. ಕಾರಿನ ಬಾಗಿಲಿಗೆ ಸಿಕ್ಕಿ, ಛಾವಣಿಯ ಫ್ಯಾನಿಗೆ ತಾಗಿ, ದೋಣಿಯಲ್ಲಿ ಯಾರೋ ತುಳಿದು, ಬೀಸುವಾಗ ಲೋಹದ ಮಣಿಯ ಫ್ಲೈ ಬಡಿದು ಮುರಿಯುತ್ತದೆ. ಆ ದುರಸ್ತಿಯ ಖರ್ಚನ್ನು ಮುಂಗಡವಾಗಿ ಎಲ್ಲ ಕೋಲುಗಳ ಬೆಲೆಗೂ ಹಂಚಿರುತ್ತೀರಿ. ಬೀದಿಯಲ್ಲಿ ಒಬ್ಬರ ಮನೆಯ ಕಿಟಕಿ ಗಾಜು ಒಡೆದರೆ ಇಡೀ ಬೀದಿಯವರು ದುಡ್ಡು ಹಾಕಿದ ಹಾಗೆ, ಜೋಪಾನವಾಗಿ ಬಳಸುವವನು ಅಜಾಗರೂಕನ ಪರವಾಗಿ ತೆರುತ್ತಾನೆ. ಬೇಕಾದವನು ಖಾತರಿ ಕೊಳ್ಳಲಿ. ಬೇಡ ಎನ್ನುವವನಿಗೆ ಅದೇ ಕೋಲನ್ನು ಖಾತರಿಯಿಲ್ಲದೆ ಕಡಿಮೆ ಬೆಲೆಗೆ ಕೊಡಿ, ಮುರಿದ ತುಂಡಿಗೆ ನ್ಯಾಯವಾದ ಬೆಲೆ ಹೇಳಿ. ಕೇಳುವುದು ಇಷ್ಟೆ.

ಈಗ ಈ ಪತ್ರ ಬರೆಯಲು ನನ್ನನ್ನು ನಿಜವಾಗಿ ಕೂರಿಸಿದ ವಿಷಯಕ್ಕೆ ಬರುತ್ತೇನೆ.

1950ರಲ್ಲಿ ಅಮೆರಿಕದಲ್ಲಿ ಡಿಂಗೆಲ್-ಜಾನ್ಸನ್ ಕಾಯ್ದೆ ಬಂತು. ಮೀನು ಬೇಟೆಯ ಸಲಕರಣೆಗಳ ಮೇಲೆ ತಯಾರಕರ ಮಟ್ಟದಲ್ಲಿಯೇ ಶೇ. 10 ಅಬಕಾರಿ ತೆರಿಗೆ ಹಾಕಿ, ಆ ಹಣವನ್ನು ಮೀನು ಮತ್ತು ನೀರಿನ ಕೆಲಸಕ್ಕೆಂದೇ ಮೀಸಲಿಡುವ ವ್ಯವಸ್ಥೆ ಅದು. ಹಣ ರಾಜ್ಯಗಳಿಗೆ ಹೋಗುತ್ತದೆ, ಶೇ. 60 ಆ ರಾಜ್ಯದ ಪರವಾನಗಿ ಪಡೆದ ಗಾಳಗಾರರ ಸಂಖ್ಯೆಯ ಲೆಕ್ಕದಲ್ಲಿ, ಶೇ. 40 ನೆಲ ಜಲಗಳ ವಿಸ್ತಾರದ ಲೆಕ್ಕದಲ್ಲಿ. ರಾಜ್ಯ ತನ್ನ ಕೈಯಿಂದ ಒಂದು ಡಾಲರ್ ಹಾಕಿದರೆ ಈ ನಿಧಿಯಿಂದ ಮೂರು ಡಾಲರ್ ಬರುತ್ತದೆ. ಮೀನಿನ ಸಮೀಕ್ಷೆ, ಹೊಳೆಗಳ ದುರಸ್ತಿ, ಸಾರ್ವಜನಿಕರು ನೀರಿಗಿಳಿಯಲು ದಾರಿ, ದೋಣಿ ಇಳಿಸುವ ಕಟ್ಟೆ, ಎಲ್ಲದರ ಹಿಂದೆ ಈ ಹಣವಿದೆ. ಗಾಳಗಾರನೇ ತನ್ನ ನದಿಗೆ ತೆರಿಗೆ ಕಟ್ಟುವ ಈ ಏರ್ಪಾಟು ಜಗತ್ತಿನ ಒಳ್ಳೆಯ ಕಾನೂನುಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ. ನಮ್ಮ ದೇಶಕ್ಕೂ ಇಂಥದ್ದೊಂದು ಬರಲಿ ಎಂಬ ಆಸೆಯಿದೆ.

2005ರಲ್ಲಿ ಅಮೆರಿಕದ ಕಾಂಗ್ರೆಸ್ ಅದಕ್ಕೊಂದು ತಿದ್ದುಪಡಿ ತಂದಿತು. ಒಂದು ಕೋಲಿನ ಮೇಲೆ ಎಷ್ಟೇ ಆದರೂ 10 ಡಾಲರಿಗಿಂತ ಹೆಚ್ಚು ತೆರಿಗೆ ಇಲ್ಲ. ಅಂದರೆ ತಯಾರಕರ ಮಾರಾಟ ಬೆಲೆ 100 ಡಾಲರ್ ಮುಟ್ಟಿದೊಡನೆ ತೆರಿಗೆ ಅಲ್ಲಿಗೇ ನಿಲ್ಲುತ್ತದೆ. ನೀವು ಅಂಗಡಿಗೆ 500 ಡಾಲರಿಗೆ ಕೊಡುವ ಕೋಲು, ಇನ್ನೊಬ್ಬರು 100 ಡಾಲರಿಗೆ ಕೊಡುವ ಕೋಲು, ಎರಡರಿಂದಲೂ ನದಿಗೆ ಸಿಗುವುದು ಅದೇ ಹತ್ತು. ಹಳೆಯ ನಿಯಮವಿದ್ದಿದ್ದರೆ ಮೊದಲನೆಯದು 50 ತರುತ್ತಿತ್ತು. ರೀಲಿಗೆ ಈ ಮಿತಿಯಿಲ್ಲ, ಲೈನಿಗೂ ಇಲ್ಲ. ಅವು ಪೂರ್ತಿ ಹತ್ತನೇ ಒಂದು ಪಾಲು ಕಟ್ಟುತ್ತಲೇ ಇವೆ. ಕೋಲಿಗೆ ಮಾತ್ರ ಈ ರಿಯಾಯಿತಿ. ಆಮೇಲೆ ಕೋಲಿನ ಬೆಲೆ ಏರುತ್ತಲೇ ಹೋಯಿತು, ಹತ್ತು ಹತ್ತಾಗಿಯೇ ಉಳಿಯಿತು.

ದುಬಾರಿ ಕೋಲು ಕೊಳ್ಳುವವನು ತಾನು ನದಿಯನ್ನು ಹೆಚ್ಚು ಪ್ರೀತಿಸುತ್ತೇನೆ ಎಂದುಕೊಂಡಿರುತ್ತಾನೆ. ನಿಮ್ಮ ಜಾಹೀರಾತಿನ ಚಿತ್ರಗಳಲ್ಲಿ ಕೋಲಿಗಿಂತ ನದಿಯೇ ದೊಡ್ಡದಾಗಿ ಕಾಣುತ್ತದೆ. ಆದರೆ ಅವನು ಹೆಚ್ಚಾಗಿ ತೆತ್ತ ಹಣದಲ್ಲಿ ಈ ನಿಧಿಯ ಮೂಲಕ ಒಂದು ಸೆಂಟೂ ಆ ನದಿಗೆ ತಲುಪುವುದಿಲ್ಲ. ಸಾವಿರ ಡಾಲರಿನ ಕೋಲು ಯೋಗ್ಯವೇ ಎಂದು ಕೇಳಿದರೆ, ಈ ಕಾನೂನು ಹೀಗಿರುವವರೆಗೆ ನನ್ನ ಉತ್ತರ ಇಲ್ಲ ಎಂದೇ.

ನಿಮ್ಮಲ್ಲಿ ಕೆಲವರು ಸ್ವಂತ ಇಚ್ಛೆಯಿಂದ ಕೊಡುತ್ತೀರಿ, ಅದನ್ನು ಮರೆಮಾಚುವುದು ತಪ್ಪಾಗುತ್ತದೆ. ಓರ್ವಿಸ್ ತೆರಿಗೆಗೆ ಮೊದಲಿನ ಲಾಭದ ಶೇ. 5ನ್ನು ಸಂರಕ್ಷಣೆಗೆ ಕೊಡುವುದಾಗಿ ಬಹಳ ವರ್ಷಗಳಿಂದ ಹೇಳಿಕೊಂಡು ಬಂದಿದೆ. ಇದಕ್ಕಿಂತ ಬಿಗಿಯಾದ ದಾರಿಯೊಂದನ್ನು ಇಬ್ಬರು ಗಾಳಗಾರರು ತೋರಿಸಿದರು. ಪ್ಯಾಟಗೋನಿಯಾ ಕಂಪನಿ ಸ್ಥಾಪಿಸಿದ ಇವಾನ್ ಶ್ವಿನಾರ್ಡ್ ಮತ್ತು ಮೊಂಟಾನಾದ ವೆಸ್ಟ್ ಯೆಲ್ಲೊಸ್ಟೋನ್‌ನಲ್ಲಿ ಫ್ಲೈ ಅಂಗಡಿ ನಡೆಸುತ್ತಿದ್ದ ಕ್ರೇಗ್ ಮ್ಯಾಥ್ಯೂಸ್ ಸೇರಿ 2002ರಲ್ಲಿ 'ಒನ್ ಪರ್ಸೆಂಟ್ ಫಾರ್ ದಿ ಪ್ಲಾನೆಟ್' ಕಟ್ಟಿದರು. ಸೇರಿದವರು ಲಾಭದಲ್ಲಲ್ಲ, ಒಟ್ಟು ಮಾರಾಟದಲ್ಲೇ ಶೇ. 1ನ್ನು ಪರಿಸರಕ್ಕೆ ಕೊಡಬೇಕು. ನಷ್ಟದ ವರ್ಷದಲ್ಲೂ ಕೊಡಬೇಕು. ಇದೇ ಇಬ್ಬರು, ಮೌರೊ ಮಾಜೊ ಎಂಬ ಇನ್ನೊಬ್ಬ ಗಾಳಗಾರರ ಜೊತೆ ಸೇರಿ, 2014ರಲ್ಲಿ ಒಂದು ಪುಸ್ತಕ ತಂದರು. ಜಪಾನಿನ ಬೆಟ್ಟದ ಹಳ್ಳಿಗಳ ತೆಂಕಾರಾ ಪದ್ಧತಿಯಲ್ಲಿ ರೀಲೇ ಇರುವುದಿಲ್ಲ, ಉದ್ದನೆಯ ಕೋಲಿನ ತುದಿಗೆ ದಾರ, ದಾರದ ತುದಿಗೆ ಫ್ಲೈ. ಅಷ್ಟರಿಂದಲೇ ಟ್ರೌಟ್ ಹಿಡಿಯುವುದನ್ನು ಅದರಲ್ಲಿ ಕಲಿಸಿದರು. ಸಲಕರಣೆ ಕಡಿಮೆ ಮಾಡಿದವರೇ ನದಿಗೆ ಹೆಚ್ಚು ಕೊಟ್ಟರು.

ನದಿಗೆ ಈಗ ತುರ್ತು ಇದೆ. ಮೊಂಟಾನಾದಲ್ಲಿ ಬೇಸಿಗೆಯ ದಿನಗಳಲ್ಲಿ ನೀರು ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಧ್ಯಾಹ್ನ ಎರಡರ ಮೇಲೆ ಗಾಳ ಹಾಕುವುದನ್ನು ನಿಷೇಧಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಅದು 23 ಡಿಗ್ರಿ ಸೆಲ್ಸಿಯಸ್ ಕೂಡ ಅಲ್ಲ, ಕಾವೇರಿಯ ಮೀನಿಗೆ ಸುಖದ ನೀರು. ಟ್ರೌಟ್‌ಗೆ ಅದೇ ಉಸಿರು ಕಟ್ಟಿಸುವ ಬಿಸಿ. ಆ ನೀರಿನಲ್ಲಿ ಆಡಿಸಿ ದಣಿಸಿದರೆ ಎಷ್ಟು ಎಚ್ಚರದಿಂದ ಬಿಟ್ಟರೂ ಸಾಯಬಹುದು. ಇಂಥ ಮಧ್ಯಾಹ್ನ ಸಾವಿರ ಡಾಲರಿನ ಕೋಲೂ ಇನ್ನೂರೈವತ್ತರದ್ದೂ ಕಾರಿನೊಳಗೆ ಒಂದೇ ಸಮ ಮಲಗಿರುತ್ತವೆ. ನೀರನ್ನು ತಂಪಾಗಿಡುವುದು ದಡದ ಮರಗಳ ನೆರಳು, ಬೇಸಿಗೆಯಲ್ಲೂ ಹೊಳೆಯಲ್ಲಿ ಬಿಟ್ಟ ನೀರು, ಅಣೆಕಟ್ಟು ಕಳಚಿದ ಹರಿವು. ನಿಮ್ಮ ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯಲ್ಲಿ 2011ರಿಂದ 2014ರೊಳಗೆ ಎರಡು ಅಣೆಕಟ್ಟುಗಳನ್ನು ಒಡೆದು ತೆಗೆದ ಮೇಲೆ ಸಾಲ್ಮನ್ ಮೇಲಿನ ಕಣಿವೆಗೆ ಮರಳಿ ಹತ್ತಿದವು. ಇವೆಲ್ಲ ಹಣ ಬೇಡುವ ಕೆಲಸಗಳು.

ನದಿಯ ದಡದಲ್ಲಿ ಖರ್ಚಾದ ಹಣಕ್ಕೂ ಅಂಗಡಿಯಲ್ಲಿ ಖರ್ಚಾದ ಹಣಕ್ಕೂ ಏನು ವ್ಯತ್ಯಾಸ ಎಂಬುದನ್ನು ನಮ್ಮ ಕಾವೇರಿ ಕಂಡಿದೆ. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು 120 ಪೌಂಡ್ ತೂಗಿದ ಮಹಶೀರ್ ಹಿಡಿದರು. ಆಮೇಲಿನ ದಶಕಗಳಲ್ಲಿ ತೋಟೆ ಸಿಡಿಸಿ ಮೀನು ಕೊಲ್ಲುವುದು ಹಬ್ಬಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕ್ಕಳಿಗಳಲ್ಲಿ ಹಿಡಿದ ಮೀನನ್ನು ಮರಳಿ ಬಿಡುವ ಗಾಳದ ಶಿಬಿರಗಳು ನಡೆದ ಕಾಲದಲ್ಲಿ, ಕಳ್ಳತನದಲ್ಲಿ ಮೀನು ಹಿಡಿಯುತ್ತಿದ್ದವರೇ ಅಲ್ಲಿ ಗೈಡುಗಳೂ ಕಾವಲುಗಾರರೂ ಆದರು. ಹೊರಗಿನಿಂದ ಬಂದ ಗಾಳಗಾರರು ಕೊಟ್ಟ ಹಣ ಆ ಊರುಗಳ ಮನೆಗಳನ್ನು ಮುಟ್ಟಿತು, ತೋಟೆ ತಗ್ಗಿತು. ಅಲ್ಲಿ ಕೊಕ್ಕೆಗೆ ಕಟ್ಟುತ್ತಿದ್ದದ್ದು ರಾಗಿ ಹಿಟ್ಟಿನ ಉಂಡೆ. ಆ ಶಿಬಿರಗಳಿದ್ದ ವನ್ಯಜೀವಿಧಾಮದೊಳಗೆ ಗಾಳ ನಿಂತು ಈಗ ದಶಕ ದಾಟಿದೆ, ಆ ಚರ್ಚೆ ಬೇರೆ. 2018ರಲ್ಲಿ ಕಾವೇರಿಯ ಡುಬ್ಬದ ಮಹಶೀರ್‌ಗೆ ಟಾರ್ ರೇಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು, ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಬೆಂಗಳೂರಿನ ಗಾಳಗಾರರು ಇಂದು ನಿಮ್ಮ ಕೋಲುಗಳನ್ನು ಅಮೆರಿಕದಿಂದ ತರಿಸಿಕೊಳ್ಳುತ್ತಾರೆ, ಸುಂಕ ಸೇರಿ ಬೆಲೆ ಇನ್ನೂ ಏರುತ್ತದೆ. ಆ ಬೆಲೆಯಲ್ಲಿ ಕಾವೇರಿಯ ಪಾಲು ಸೊನ್ನೆ.

ಆದ್ದರಿಂದ ಮಾನ್ಯರೇ, ಬೆಲೆ ಇಳಿಸಿ ಎಂದು ನಾನು ಕೇಳುತ್ತಿಲ್ಲ. ಒಳ್ಳೆಯ ಕೈಕೆಲಸಕ್ಕೆ ಒಳ್ಳೆಯ ಬೆಲೆ ಇರಲಿ. ಆ ಹತ್ತು ಡಾಲರಿನ ಮಿತಿಯನ್ನು ತೆಗೆಯಿರಿ ಎಂದು ನೀವೇ, ನಿಮ್ಮ ಹೆಸರುಗಳಲ್ಲೇ, ವಾಷಿಂಗ್ಟನ್ ಡಿ.ಸಿ.ಗೆ ಹೋಗಿ ಕೇಳಿ. 1950ರ ಕಾಯ್ದೆಗೆ ಗಾಳಗಾರರೇ ಬೆಂಬಲವಾಗಿ ನಿಂತಿದ್ದರು, ಈಗಲೂ ನಿಲ್ಲುತ್ತಾರೆ. ಸಾವಿರ ಕೊಡಲು ಒಪ್ಪಿದವನು ನಲವತ್ತು ಹೆಚ್ಚಿಗೆ ನದಿಗೆ ಹೋಗುತ್ತದೆಂದರೆ ಕೋಲು ಕೆಳಗಿಡುವುದಿಲ್ಲ. ಕಾನೂನು ಬದಲಾಗುವ ತನಕ ಕಾಯಬೇಕಾಗಿಯೂ ಇಲ್ಲ. ಮಿತಿಯಿಂದ ಪ್ರತಿ ಕೋಲಿನಲ್ಲೂ ಉಳಿಯುವ ತೆರಿಗೆಯ ಮೊತ್ತವನ್ನು ಈ ವರ್ಷದಿಂದಲೇ ಆ ಕೋಲು ಮಾರಾಟವಾದ ರಾಜ್ಯದ ಹೊಳೆಗೆ ಕೊಡಿ, ಕೊಟ್ಟದ್ದನ್ನು ಬೆಲೆಚೀಟಿಯ ಮೇಲೆ ಬರೆಯಿರಿ. ಅದರ ಪಕ್ಕದಲ್ಲೇ ಕೋಲಿನ ನಿಜವಾದ ನಂಬರನ್ನೂ ಬರೆಯಿರಿ.

ಅಂಥ ಚೀಟಿ ಅಂಟಿಸಿದ ಮೊದಲ ಕೋಲು ಅಂಗಡಿಗೆ ಬಂದ ದಿನ ನನ್ನ ಮಾತನ್ನು ಬದಲಿಸುತ್ತೇನೆ. ಅಣ್ಣಾ ಎಂದು ಕೇಳಿದವರಿಗೆಲ್ಲ ಮೊದಲು ಕಲಿಯಿರಿ, ಕಲಿತ ಮೇಲೆ ಇದನ್ನೇ ಕೊಳ್ಳಿ ಎನ್ನುತ್ತೇನೆ. ನಾನೂ ಒಂದನ್ನು ಕೊಳ್ಳುತ್ತೇನೆ, ಪೂರ್ತಿ ಬೆಲೆ ಕೊಟ್ಟು.

ಇಂತಿ ವಿಶ್ವಾಸಿ,
ಯಾಕಿಮಾ ನದಿಯ ಒಬ್ಬ ಕನ್ನಡಿಗ ಗಾಳಗಾರ